ರಾಟಟೂಯ್ ಹೆಸರಲ್ಲಿ ಇಲಿ ಇದೆಯಾ?

ಪ್ರಶ್ನೆ: ಬದನೆಕಾಯಿ, ಟೊಮೆಟೊ ಎಲ್ಲ ಹಾಕಿ ಮಾಡುವ ಫ್ರೆಂಚ್ ಅಡುಗೆಗೆ ‘ರಾಟಟೂಯ್’ ಅನ್ನುತ್ತಾರಲ್ಲ, ಅದರ ಮೊದಲಿಗೆ ಇರುವುದು ಇಲಿಯೇನಾ?

ಉತ್ತರ: ಅಲ್ಲ. ಈ ಅನುಮಾನ ಬಹುಮಟ್ಟಿಗೆ 2007ರಲ್ಲಿ ಬಂದ, ಇದೇ ಹೆಸರಿನ ಅನಿಮೇಷನ್ ಸಿನಿಮಾದ ಕೊಡುಗೆ. ಅಡುಗೆ ಬಲ್ಲ ಇಲಿಯೇ ಅದರ ನಾಯಕ. ಫ್ರೆಂಚಿನಲ್ಲೂ ಇಲಿಯನ್ನು ಬರೆಯುವುದು ಇಂಗ್ಲಿಷಿನಂತೆಯೇ. ಕೊನೆಯ ಅಕ್ಷರ ನುಂಗಿ ಬರೀ ‘ರಾ’ ಅನ್ನುತ್ತಾರೆ, ಅಷ್ಟೇ. ಹಾಗಾಗಿ ಶ್ಲೇಷೆ ಚೆನ್ನಾಗಿ ಕೂತಿತು. ನಂಟು ಅಲ್ಲಿಗೇ ಮುಗಿಯಿತು.

ಗುಟ್ಟು ಇರುವುದು ಪದದ ಬಾಲದಲ್ಲಿ. ಫ್ರೆಂಚಿನ ‘ಟೂಯೆ’ ಅಂದರೆ ಸೌಟಾಡಿಸುವುದು, ಕಲಕುವುದು. ಇದರ ಮೂಲ ಲ್ಯಾಟಿನ್. ಆಲಿವ್ ಕಾಯಿ ಜಜ್ಜುವ ಸಾಧನವೊಂದಕ್ಕೆ ಅಲ್ಲಿ ‘ಟುಡಿಕುಲಾ’ ಎಂಬ ಹೆಸರಿತ್ತು. ಅದರಿಂದ ಹುಟ್ಟಿದ, ಜಜ್ಜುವುದು ಎಂಬರ್ಥದ ಕ್ರಿಯಾಪದವೇ ಸವೆದು ಸವೆದು ‘ಟೂಯೆ’ ಆಯಿತು. ಮುಂದಿನ ‘ರಾಟ’ಕ್ಕೆ ಬೇರೆ ಅರ್ಥ ಹುಡುಕಬೇಡಿ. ನಾವು ಗಿಜಿಗಿಜಿ, ಪಿಚಿಪಿಚಿ ಅನ್ನುವಂತೆ, ಕಲಕುವ ಸದ್ದಿಗೆ ಜೋರು ಕೊಡಲು ಜನ ಪದವನ್ನು ಹಿಗ್ಗಿಸಿದ್ದು ಅದು. ದಕ್ಷಿಣ ಫ್ರಾನ್ಸಿನ ಆಕ್ಸಿಟಾನ್ ಭಾಷೆಯಲ್ಲೂ ಇದರ ಜೋಡಿ ಪದವಿದೆ.

ಮೊದಮೊದಲು ಇದು ಹೊಗಳಿಕೆಯ ಹೆಸರಾಗಿರಲಿಲ್ಲ. 1778ರ ಹೊತ್ತಿಗೆ ಬರಹಕ್ಕೆ ಇಳಿದಾಗ ‘ರಾಟಟೂಯ್’ ಎಂದರೆ ಸಿಕ್ಕಿದ್ದನ್ನೆಲ್ಲ ಹಾಕಿ ಕುದಿಸಿದ ಒರಟು ಸಾರು. ಸೈನಿಕರು ತಮ್ಮ ಪಾಳಯದ ಆಲೂಗಡ್ಡೆ, ಬೀನ್ಸ್‌ನ ಗಂಜಿಯಂಥ ಊಟವನ್ನು ‘ರಾಟಾ’ ಎಂದು ಮೊಟಕು ಮಾಡಿ ಬೈಯುತ್ತಿದ್ದರು. ನೀಸ್ ಪಟ್ಟಣದ ಬದನೆ, ಝುಕೀನಿ, ದೊಣ್ಣೆ ಮೆಣಸಿನಕಾಯಿ, ಟೊಮೆಟೊ, ಈರುಳ್ಳಿ, ಬೆಳ್ಳುಳ್ಳಿಯ ಅಡುಗೆಗೆ ಆ ಹೆಸರು ಗಟ್ಟಿಯಾಗಿ ಅಂಟಿದ್ದು 20ನೇ ಶತಮಾನದಲ್ಲಿ.

ನಮ್ಮಲ್ಲಿ ಇದಕ್ಕೆ ಸರಿಯಾಗಿ ಉಲ್ಟಾ ನಡೆದಿದೆ. ಓಗರವೆಂದರೆ ಅನ್ನ, ಅದರ ಮೇಲೆ ಬಡಿಸುವುದು ಮೇಲೋಗರ, ಮರ್ಯಾದಸ್ಥ ಪದಾರ್ಥ. ಅದಕ್ಕೆ ‘ಕಲಸು’ ಸೇರಿಸಿ ಗೊಂದಲಕ್ಕೆಲ್ಲ ‘ಕಲಸುಮೇಲೋಗರ’ ಎಂದುಬಿಟ್ಟೆವು.

ತಮಾಷೆಯೆಂದರೆ, ನೀಸ್‌ನ ಹಳೆ ಕೈಗಳು ಈ ಅಡುಗೆಯನ್ನು ಕಲಕುವುದಕ್ಕೇ ಹೆದರುತ್ತವೆ. ಒಂದೊಂದು ತರಕಾರಿಯನ್ನೂ ಬೇರೆ ಬೇರೆಯಾಗಿ ಆಲಿವ್ ಎಣ್ಣೆಯಲ್ಲಿ ಬಾಡಿಸಿ, ಕೊನೆಗೆ ಒಟ್ಟು ಮಾಡಿ ಸಣ್ಣ ಉರಿಯಲ್ಲಿ ಬಿಡುತ್ತಾರೆ. ಇದು ತಿಳಿಯದೆ ನಾನು ಮೊದಲ ಸಲ ಎಲ್ಲವನ್ನೂ ಒಂದೇ ಬಾಣಲೆಗೆ ಸುರಿದು ಸೌಟಾಡಿಸುತ್ತಲೇ ಇದ್ದೆ. ಬದನೆ ಕರಗಿ ಎಣ್ಣೆಗಾಯಿಯ ಮಸಾಲೆಯ ಹಾಗಾಯಿತು, ಟೊಮೆಟೊ ಸಿಪ್ಪೆ ಮಾತ್ರ ಸುರುಳಿ ಸುತ್ತಿ ಮೇಲೆ ತೇಲುತ್ತಿತ್ತು. ಹೆಸರಿಗೆ ತಕ್ಕ, ಅಪ್ಪಟ 1778ರ ರಾಟಟೂಯ್.