ಹಳೆಯ ವಿಜ್ಞಾನ ಪತ್ರಿಕೆ: ಮಾರುವ ಮೊದಲು ಬೈಂಡ್ ಮಾಡಿಸಬೇಕೆ?

ಪ್ರಶ್ನೆ: ಅಪ್ಪ ಕೂಡಿಸಿಟ್ಟ ‘ಸೈನ್ಸ್ ಟುಡೇ’ ಸಂಚಿಕೆಗಳು ಅಟ್ಟದ ಮೇಲಿವೆ. ಸಂಗ್ರಾಹಕರಿಗೆ ಕೊಡಬೇಕೆಂದಿದ್ದೇವೆ. ವರ್ಷವಾರು ಬೈಂಡ್ ಮಾಡಿಸಿದರೆ ಬೆಲೆ ಹೆಚ್ಚು ಬರುತ್ತದಲ್ಲವೆ? (ಧಾರವಾಡದಿಂದ)

ಬರುವುದಿಲ್ಲ, ಇಳಿಯುತ್ತದೆ. ಮಳೆಗಾಲಕ್ಕೊಮ್ಮೆ, ದೀಪಾವಳಿಗೆ ಅಟ್ಟ ಸ್ವಚ್ಛ ಮಾಡುವಾಗ ಇನ್ನೊಮ್ಮೆ ಇದೇ ಪ್ರಶ್ನೆ ಬರುತ್ತದೆ, ಇದೇ ಉತ್ತರ ಹೋಗುತ್ತದೆ. ಈ ಸಲ ಕಾರಣ ಬಿಡಿಸಿಯೇ ಹೇಳಿಬಿಡೋಣ.

ಬೈಂಡಿಂಗ್ ಅಂಗಡಿಯಲ್ಲಿ ನಡೆಯುವುದೇನು? ಮೊದಲು ಪಿನ್ನು ಕೀಳುತ್ತಾರೆ. ದಪ್ಪ ಕಾಗದದ ಮುಖಪುಟ ಸರಿಯಾಗಿ ಕೂಡುವುದಿಲ್ಲವೆಂದು ಪಕ್ಕಕ್ಕಿಡುತ್ತಾರೆ, ಸಂಜೆ ಅದು ರದ್ದಿಗೆ. ‘ಜಾಹೀರಾತು ತೆಗೀರಿ, ಭಾಳ ದಪ್ಪ ಆಗ್ತದ’ ಎಂದು ಗಿರಾಕಿಯೇ ಹೇಳಿರುತ್ತಾನೆ, ಹಾಗಾಗಿ ಆ ಹಾಳೆಗಳೂ ಹೋದವು. ಆಮೇಲೆ 12 ಸಂಚಿಕೆ ಒಟ್ಟಿ, ಬೆನ್ನಿನಿಂದ ಸುಮಾರು ಒಂದು ಸೆಂಟಿಮೀಟರ್ ಒಳಗೆ ತೂತು ಹೊಡೆದು ದಾರ ಎಳೆಯುತ್ತಾರೆ. ಎರಡು ಪುಟಕ್ಕೆ ಹರಡಿದ ನಕ್ಷೆಯ ನಡುಭಾಗ ಇನ್ನು ಯಾರಿಗೂ ಕಾಣದು. ಕೊನೆಗೆ ಕಟಿಂಗ್ ಮಷೀನು: ಅಂಚು ಸಮ ಮಾಡಲು ಮೂರೂ ಬದಿ 3–4 ಮಿಲಿಮೀಟರ್ ಹೋಯಿತು. ಕೆಲವು ಪುಟಗಳಲ್ಲಿ ಪುಟಸಂಖ್ಯೆಯೂ ಅದರ ಜೊತೆಗೇ ಹೋಗುತ್ತದೆ.

ರಟ್ಟು ಹಚ್ಚಲು ಮೈದಾ ಖಳಿ. ತಿಳಿದ ಬೈಂಡರ್ ಹುಳ ಹತ್ತದಿರಲೆಂದು ಅದಕ್ಕೆ ಚಿಟಿಕೆ ಮೈಲುತುತ್ತ ಬೆರೆಸುತ್ತಾನೆ, ಅವಸರದವನು ಬೆರೆಸುವುದಿಲ್ಲ. ಬೆಳ್ಳಿಮೀನು ಹುಳಕ್ಕೆ ಮೈದಾ ಅಂದರೆ ಹಬ್ಬದೂಟ. ಧಾರವಾಡದ ಜೂನ್–ಸೆಪ್ಟೆಂಬರ್ ತೇವ ಸೇರಿದರೆ ಕೇಳುವುದೇ ಬೇಡ.

ಸಂಗ್ರಾಹಕನಿಗೆ ಬೇಕಾದದ್ದು ಅಂಗಡಿಯಿಂದ ಬಂದ ದಿನದ ಸಂಚಿಕೆ: ಮುಖಪುಟ, ಹಿಂಬದಿ, ಜಾಹೀರಾತು, ಅಂಚು ಎಲ್ಲ ಇದ್ದದ್ದು. ಕತ್ತರಿಸಿದ ಅಂಚು ಮತ್ತೆ ಬೆಳೆಯುವುದಿಲ್ಲ.

‘ಲೈಬ್ರರಿಯವರು ಮಾಡಿಸ್ತಾರಲ್ರೀ’ ಎಂಬ ವಾದ ಗೊತ್ತಿದೆ. ನೂರು ಕೈ ಮುಟ್ಟುವ ಪ್ರತಿ ಹರಿಯಬಾರದೆಂದು ಅವರು ಮಾಡಿಸುತ್ತಾರೆ, ಮಾರಲಿಕ್ಕಲ್ಲ. ಈಗಾಗಲೇ ಬೈಂಡ್ ಆಗಿದ್ದರೆ ಕೀಳಬೇಡಿ, ಕಿತ್ತರೆ ಬೆನ್ನು ಹರಿದು ಬೈಂಡೂ ಸಂಚಿಕೆಯೂ ಎರಡೂ ಕೆಡುತ್ತವೆ. ‘ಬೈಂಡ್ ಆಗಿದೆ, ಮುಖಪುಟ ಇಲ್ಲ’ ಎಂದು ಹೇಳಿಯೇ ಕೊಡಿ.

ಬೈಂಡ್ ಬದಲು ಇಷ್ಟು ಮಾಡಿ. ತುಕ್ಕು ಹಿಡಿದ ಪಿನ್ನನ್ನು ಮುಖಪುಟದ ಕಡೆಯಿಂದ ಎಳೆಯಬೇಡಿ. ನಡುಪುಟ ತೆರೆದು, ಮಡಚಿದ ಕಾಲುಗಳನ್ನು ಮೊಂಡು ಚಾಕುವಿನ ತುದಿಯಿಂದ ನೆಟ್ಟಗೆ ಮಾಡಿ, ಬೆನ್ನಿನ ಕಡೆಗೆ ನೂಕಿ. ಅವೇ ತೂತುಗಳಲ್ಲಿ ಹತ್ತಿ ದಾರ ಪೋಣಿಸಿ ಸಡಿಲವಾಗಿ ಗಂಟು ಹಾಕಿ. ಸೆಲೋಟೇಪು ಬೇಡವೇ ಬೇಡ. ಅದರ ಅಂಟು ಕಾಗದಕ್ಕಿಳಿದು ಕಂದು ಕಲೆ ಉಳಿಯುತ್ತದೆ. ಹುಳ ಹೋಗಲೆಂದು ಬಿಸಿಲಿಗೆ ಹರವುವುದೂ ಬೇಡ. ಅಗ್ಗದ ಕಾಗದದಲ್ಲಿ ಉಳಿದ ಲಿಗ್ನಿನ್ ಎಂಬ ಮರದ ಅಂಶ ಬಿಸಿಲಿಗೆ ಹಳದಿಯಾಗಿ ಹಾಳೆ ಹಪ್ಪಳವಾಗುತ್ತದೆ. ನೆರಳು, ಗಾಳಿ, ಅಡ್ಡಡ್ಡ ಮಲಗಿಸಿದ ಹತ್ತು ಹನ್ನೆರಡರ ಅಟ್ಟಿ, ಸಾಕು. ತೇವ ಆರದೆ ಪ್ಲಾಸ್ಟಿಕ್ ಚೀಲಕ್ಕೆ ತುರುಕಿದರೆ ಬೂಸಲು ಗ್ಯಾರಂಟಿ.

ಹಾಳೆ ಕಾಣೆಯಾಗಿದೆಯೇ ಎಂದು ನೋಡಲು ಒಂದು ಉಪಾಯ. ನಡುವೆ ಪಿನ್ನು ಹೊಡೆದ 64 ಪುಟದ ಸಂಚಿಕೆಯಲ್ಲಿ ಒಂದೇ ಹಾಳೆಯ ಒಂದೇ ಮಗ್ಗುಲಿನ ಜೋಡಿ ಪುಟಗಳ ಸಂಖ್ಯೆ ಕೂಡಿಸಿದರೆ 65 ಬರಬೇಕು (11ಕ್ಕೆ 54, 12ಕ್ಕೆ 53). ಮಕ್ಕಳು ಶಾಲೆಯ ಚಾರ್ಟಿಗೆ 11–12ನೆಯ ಪುಟ ಕತ್ತರಿಸಿದ್ದರೆ, ಅತ್ತ 53–54 ಸಡಿಲಾಗಿ ಅಲ್ಲಾಡುತ್ತಿರುತ್ತದೆ. ಸಡಿಲಾದ ಹಾಳೆ ಸಿಕ್ಕರೆ ಅದರ ಜೋಡಿಯನ್ನು ಹುಡುಕಿ.

ಹಳೆಯದೆಲ್ಲ ದುಬಾರಿಯಲ್ಲ. 1966ರಲ್ಲಿ ಮುಂಬಯಿಯಿಂದ ಶುರುವಾದ ‘ಸೈನ್ಸ್ ಟುಡೇ’ಯ ಮೊದಮೊದಲ ಸಂಚಿಕೆಗೆ ಒಂದು ಲೆಕ್ಕ, ನಡುವಿನ ಸಾಮಾನ್ಯ ತಿಂಗಳಿಗೆ ಇನ್ನೊಂದು. 1980ರ ಫೆಬ್ರವರಿ 16ರ ಖಗ್ರಾಸ ಸೂರ್ಯಗ್ರಹಣದ ನೆರಳು ಹುಬ್ಬಳ್ಳಿಯ ಮೇಲೆಯೇ ಹಾದುಹೋಗಿತ್ತು. ಆ ತಿಂಗಳುಗಳ ಸಂಚಿಕೆಯನ್ನು ಮೊದಲು ಬೇರೆ ತೆಗೆದಿಡಿ. 1978ರಲ್ಲಿ ಶುರುವಾದ ‘ಬಾಲ ವಿಜ್ಞಾನ’ದ ಆರಂಭದ ಪ್ರತಿಗಳನ್ನು ‘ಮಕ್ಕಳದು’ ಎಂದು ರದ್ದಿಗೆ ತೂಗಬೇಡಿ.

ಯಾರೂ ಕೇಳಲಿಲ್ಲ, ಆದರೂ ಹೇಳಬೇಕು: ಮುಖಪುಟವಿಲ್ಲದ ಸಂಚಿಕೆಯ ಕಾಲ ಪತ್ತೆ ಹಚ್ಚುವುದು ಹೇಗೆ? ಬೈಂಡರ್ ಎಸೆಯುವ ಆ ಜಾಹೀರಾತಿನಿಂದಲೇ! ಬೆಲೆ ‘ನಯೇ ಪೈಸೆ’ಯಲ್ಲಿದ್ದರೆ 1957ರಿಂದ 1964ರ ನಡುವಿನದು. ವಿಳಾಸದಲ್ಲಿ ‘ಬಾಂಬೆ–1’ ಬದಲು ಆರಂಕಿಯ ಪಿನ್ ಕೋಡ್ ಕಂಡರೆ 1972ರ ಆಗಸ್ಟ್ 15ರ ನಂತರದ್ದು. ಬೆಂಗಳೂರಿನ ಕಂಪನಿ ‘ಮೈಸೂರು ರಾಜ್ಯ’ ಎಂದು ಬರೆದುಕೊಂಡಿದ್ದರೆ ಬಹುತೇಕ 1973ರ ನವೆಂಬರಿಗಿಂತ ಮೊದಲಿನದು.

ಒಳಪುಟದ ಮುದ್ರೆಯನ್ನೂ ಓದಿ. ‘ಗದಗ, ಜಿ. ಧಾರವಾಡ’ ಎಂದಿದ್ದರೆ ಆ ಮುದ್ರೆ ಮಾಡಿಸಿದ್ದು 1997ಕ್ಕಿಂತ ಮುಂಚೆ, ಗದಗ–ಹಾವೇರಿ ಬೇರೆ ಜಿಲ್ಲೆಯಾಗುವ ಮೊದಲು. ಅದು ಗ್ರಂಥಾಲಯದ ಮುದ್ರೆಯಾಗಿದ್ದು ಪಕ್ಕದಲ್ಲಿ ‘ರದ್ದುಪಡಿಸಿದೆ’ ಎಂಬ ಗುರುತಿಲ್ಲದಿದ್ದರೆ ರಬ್ಬರಿನಿಂದ ಉಜ್ಜಲು ಹೋಗಬೇಡಿ. ಪುಸ್ತಕ ವಾಪಸು ಕೊಡುವುದು ಅಪ್ಪನಿಗೆ ಮರೆತಿರಬಹುದು, ಮಾರುವ ಮೊದಲು ಅಲ್ಲಿ ವಿಚಾರಿಸಿ ಬನ್ನಿ.