ಯಾವ ಸಮಸ್ಯೆಗೆ ಈ ಯಂತ್ರ?

ಶಿಕ್ಷಣ, ಟಿವಿ, ತಂತ್ರಜ್ಞಾನದ ಬಗ್ಗೆ ಬರೆಯುತ್ತಿದ್ದ ಅಮೆರಿಕದ ಚಿಂತಕ ನೀಲ್ ಪೋಸ್ಟ್‌ಮನ್ ಭಾಷಣಗಳಲ್ಲಿ ಒಂದು ಕತೆ ಹೇಳುತ್ತಿದ್ದರು. ಹೊಸ ಕಾರು ನೋಡಲು ಹೋಗಿದ್ದಾಗ ಮಾರುವವನು ಇದರಲ್ಲಿ ಕ್ರೂಸ್ ಕಂಟ್ರೋಲ್ (ಕಾರಿನ ವೇಗವನ್ನು ತಾನೇ ಒಂದೇ ಮಟ್ಟದಲ್ಲಿ ಇಡುವ ಸೌಲಭ್ಯ) ಇದೆ ಎಂದ. ಅದು ಯಾವ ಸಮಸ್ಯೆಗೆ ಪರಿಹಾರ ಎಂದು ಇವರು ಕೇಳಿದರು. ಅವನು ತಡವರಿಸಿ, ಆಕ್ಸಿಲರೇಟರ್ ಮೇಲೆ ಸದಾ ಕಾಲು ಇಟ್ಟಿರಬೇಕಲ್ಲ, ಅದಕ್ಕೆ ಎಂದ. 35 ವರ್ಷದಿಂದ ಕಾರು ಓಡಿಸುತ್ತಿದ್ದೇನೆ, ಅದೊಂದು ಸಮಸ್ಯೆ ಅಂತ ಯಾವತ್ತೂ ಅನಿಸಿಲ್ವಲ್ಲ ಎಂದರು ಪೋಸ್ಟ್‌ಮನ್. ತರಗತಿಗೆ ಕಂಪ್ಯೂಟರ್ ಬಂದಾಗಲೂ ಅವರು ಕೇಳಿದ್ದು ಇದೇ ಪ್ರಶ್ನೆ.

ಈ ಅನುಮಾನಕ್ಕೆ ಎರಡು ಸಾವಿರ ವರ್ಷಕ್ಕೂ ಜಾಸ್ತಿ ವಯಸ್ಸು. ಪ್ಲೇಟೋ ಹೇಳುವ ಕತೆಯಲ್ಲಿ ಥ್ಯೂತ್ ಎಂಬ ದೇವತೆ ಬರವಣಿಗೆಯನ್ನು ಕಂಡುಹಿಡಿದು ಈಜಿಪ್ಟಿನ ರಾಜನಿಗೆ ತೋರಿಸುತ್ತಾನೆ. ಇದರಿಂದ ಜನರಿಗೆ ಮರೆವು ಹೆಚ್ಚುತ್ತದೆ ಎಂದು ರಾಜ ತಳ್ಳಿಹಾಕುತ್ತಾನೆ. (ಪ್ಲೇಟೋ ಬರೆದಿಟ್ಟಿದ್ದರಿಂದಲೇ ಆ ಮಾತು ನಮಗೆ ಸಿಕ್ಕಿದೆ, ಅಲ್ವಾ?) ಪೋಸ್ಟ್‌ಮನ್ 1992ರ 'ಟೆಕ್ನೋಪೊಲಿ' ಪುಸ್ತಕವನ್ನು ಶುರು ಮಾಡುವುದೇ ಈ ಕತೆಯಿಂದ. ಆದರೆ ರಾಜನದೂ ತಪ್ಪಿದೆ ಎನ್ನುತ್ತಾರೆ: ಅವನು ನಷ್ಟವನ್ನಷ್ಟೇ ನೋಡಿದ, ಲಾಭ ನೋಡಲಿಲ್ಲ. ಯಂತ್ರ ಕಂಡರೆ ಆಗದ ಮನುಷ್ಯ ಎಂದು ಇವರನ್ನು ಬದಿಗಿಡುವವರು ಈ ಪುಟವನ್ನು ಓದಿರಲಾರರು.

ಎದುರು ಬದಿಯಲ್ಲಿ ಆಸೆಗೇನೂ ಕೊರತೆ ಇರಲಿಲ್ಲ. ಶಾಲೆಗಳಲ್ಲಿ ಇನ್ನು ಪುಸ್ತಕಕ್ಕೆ ಕೆಲಸವಿಲ್ಲ, ಸಿನಿಮಾವೇ ಎಲ್ಲ ಕಲಿಸುತ್ತದೆ ಎಂದು ಎಡಿಸನ್ 1913ರಲ್ಲೇ ಹೇಳಿದ್ದರು. ಆಮೇಲೆ ರೇಡಿಯೋ ಬಂತು, ಟಿವಿ ಬಂತು.

ನನಗೆ ಹಿಡಿಸುವುದು ಪೋಸ್ಟ್‌ಮನ್ ತಾವೇ ಬದಲಾದ ರೀತಿ. 1969ರಲ್ಲಿ ಗೆಳೆಯರೊಬ್ಬರ ಜೊತೆ ಬರೆದ ಪುಸ್ತಕದಲ್ಲಿ, ಪಾಠ ಮಾಡುವುದೆಂದರೆ ಹಳೆಯದನ್ನು ಬುಡಮೇಲು ಮಾಡುವುದು ಎಂದಿದ್ದರು. ಹತ್ತು ವರ್ಷ ಕಳೆದ ಮೇಲೆ, 1979ರಲ್ಲಿ, ಹೆಚ್ಚುಕಡಿಮೆ ಉಲ್ಟಾ ಹೆಸರಿನ ಪುಸ್ತಕ: ಪಾಠವೆಂದರೆ ಕಾಪಾಡುವುದು. ಶಾಲೆಗೆ ಅವರ ಹೋಲಿಕೆ ಥರ್ಮೋಸ್ಟಾಟ್, ಅಂದರೆ ಕೋಣೆಯ ಬಿಸಿಯನ್ನು ಹದದಲ್ಲಿಡುವ ಸಾಧನ. ಕೋಣೆ ಕಾದರೆ ಅದು ತಣ್ಣಗಾಗಿಸಬೇಕು, ತಣ್ಣಗಾದರೆ ಬಿಸಿ ಮಾಡಬೇಕು. ಮನೆಯಲ್ಲಿ ಮಕ್ಕಳ ಮುಂದೆ ಇಡೀ ದಿನ ಟಿವಿ ಓಡುತ್ತಿರುವಾಗ ಶಾಲೆಯೂ ಇನ್ನೊಂದು ಟಿವಿ ಆಗಬೇಕೇ?

1985ರ ಪುಸ್ತಕದಲ್ಲಿ ಇದು ಇನ್ನೂ ಖಾರವಾಯಿತು. ಟಿವಿಯ ಕಳಪೆ ಕಾರ್ಯಕ್ರಮಗಳ ಬಗ್ಗೆ ಅವರಿಗೆ ಚಿಂತೆ ಇರಲಿಲ್ಲ. ಅವರು ಹೆದರಿದ್ದು ಗಂಭೀರ ಕಾರ್ಯಕ್ರಮಗಳಿಗೆ. ಎಲ್ಲರೂ ಹೊಗಳುತ್ತಿದ್ದ ಮಕ್ಕಳ ಟಿವಿ ಕಾರ್ಯಕ್ರಮ 'ಸೆಸಮಿ ಸ್ಟ್ರೀಟ್' ಮಕ್ಕಳಿಗೆ ಅಕ್ಷರ ಕಲಿಸಬಹುದು, ಆದರೆ ಶಾಲೆಯೂ ಹಾಗೇ ಇದ್ದರೆ ಮಾತ್ರ ಅವರಿಗೆ ಶಾಲೆ ರುಚಿಸುತ್ತದೆ ಎಂಬುದು ಅವರ ವಾದ. ಇದೇ ಪುಸ್ತಕದಲ್ಲಿ 19ನೇ ಶತಮಾನದ ಕೇಳುಗರನ್ನು ಅವರು ಸ್ವಲ್ಪ ಜಾಸ್ತಿಯೇ ಹೊಗಳಿದರು. ಲಿಂಕನ್ ಭಾಷಣವನ್ನು ಗಂಟೆಗಟ್ಟಲೆ ಕೇಳಿದ ಕಾಲ ಅದು ನಿಜ, ಹೆಂಗಸರಿಗೆ ವೋಟು ಇಲ್ಲದ ಕಾಲವೂ ಹೌದು.

ಪೋಸ್ಟ್‌ಮನ್ 2003ರಲ್ಲಿ ತೀರಿಕೊಂಡರು. ಟಚ್ ಸ್ಕ್ರೀನ್ ಫೋನು ಮಕ್ಕಳ ಕೈಗೆ ಬಂದಿದ್ದನ್ನು ನೋಡಲಿಲ್ಲ. ಅದಾಗಿ 20 ವರ್ಷಕ್ಕೆ, ಶಾಲೆಗಳಿಗೆ ಮುಂಚೆಯೇ ಕಂಪ್ಯೂಟರ್ ತುಂಬಿಸಿದ್ದ ಸ್ವೀಡನ್ ಸರ್ಕಾರ ಅಚ್ಚಿನ ಪಠ್ಯಪುಸ್ತಕ ಕೊಳ್ಳಲು ಮತ್ತೆ ದುಡ್ಡು ತೆಗೆದಿಟ್ಟಿತು.