ಫೈನಲ್ ಸೋತ ಮಾರನೇ ದಿನ ಕೋಚ್ ಎದುರಾಳಿ ಕಾಲೇಜಿಗೆ: ಹೊಸಬರನ್ನು ಆರಿಸುವುದು ಯಾರು?

ಪ್ರಶ್ನೆ: ಅಮೆರಿಕದ ಕಾಲೇಜು ಬೇಸ್‌ಬಾಲ್‌ನಲ್ಲಿ ಹೆಡ್ ಕೋಚ್ ಕೆಲಸ ಬಿಟ್ಟರೆ ಹೊಸಬರನ್ನು ಯಾರು, ಹೇಗೆ ಆರಿಸುತ್ತಾರೆ? ಮೈದಾನದಲ್ಲಿ ಅಷ್ಟು ಗದ್ದಲ ಮಾಡುವ ಅಭಿಮಾನಿಗಳ ಮಾತಿಗೆ ಅಲ್ಲಿ ಏನಾದರೂ ಬೆಲೆ ಇದೆಯೇ?

ಉತ್ತರ: ಆರಿಸುವುದು ವಿಶ್ವವಿದ್ಯಾಲಯದ ಅಥ್ಲೆಟಿಕ್ ಡೈರೆಕ್ಟರ್. ಕ್ರೀಡಾ ವಿಭಾಗದ ಹಣ, ನೇಮಕ, ವಜಾ ಎಲ್ಲವೂ ಅವರ ಕೈಯಲ್ಲಿ. ಅಧ್ಯಕ್ಷರ ಒಪ್ಪಿಗೆ ಬೇಕು, ದೊಡ್ಡ ದಾನಿಗಳ ಕಿವಿಗೂ ಹಾಕಬೇಕು, ಆದರೆ ಹೆಸರು ಹೊರಡುವುದು ಅವರ ಮೇಜಿನಿಂದಲೇ. ಅಭಿಮಾನಿಗಳಿಗೆ ಇದರಲ್ಲಿ ಮತವಿಲ್ಲ. ಮತ ಇರುವುದು ಆಟಗಾರರಿಗೆ, ಅದೂ ಕಾಲಿನಿಂದ ಹಾಕುವ ಮತ. ಕೋಚ್ ಹೋದ ಮೇಲೆ ಉಳಿಯುವುದೋ ಹೊರಡುವುದೋ ಎಂದು ಅವರು ತೀರ್ಮಾನಿಸುವ ಆ ಕೆಲವು ವಾರಗಳೇ ಇಡೀ ಆಯ್ಕೆಯನ್ನು ನಡೆಸುತ್ತವೆ. ಇದಕ್ಕೆ 2024ರ ಜೂನ್‌ಗಿಂತ ಒಳ್ಳೆಯ ಉದಾಹರಣೆ ಸಿಗದು.

ಟೆಕ್ಸಾಸ್ ವಿಶ್ವವಿದ್ಯಾಲಯ ಇರುವುದು ಆಸ್ಟಿನ್‌ನಲ್ಲಿ, ಟೆಕ್ಸಾಸ್ ಎ ಅಂಡ್ ಎಂ ಇರುವುದು ಕಾಲೇಜ್ ಸ್ಟೇಷನ್‌ನಲ್ಲಿ. ನಡುವೆ ಕಾರಿನಲ್ಲಿ ಸುಮಾರು ಎರಡು ಗಂಟೆಯ ದಾರಿ. ಎರಡೂ ಊರುಗಳಲ್ಲಿ ಓದಲು, ದುಡಿಯಲು ಹೋದ ಕನ್ನಡಿಗರಿದ್ದಾರೆ. ಈ ಹಗೆತನ ಅವರಿಗೆ ಹೊಸ ಸುದ್ದಿಯಲ್ಲ. ಟೆಕ್ಸಾಸ್‌ನ ಲಾಂಗ್‌ಹಾರ್ನ್ಸ್ 1949, 1950, 1975, 1983, 2002, 2005ರಲ್ಲಿ ಹೀಗೆ ಆರು ಸಲ ರಾಷ್ಟ್ರೀಯ ಪ್ರಶಸ್ತಿ ಗೆದ್ದವರು. ಎ ಅಂಡ್ ಎಂನ ಆಗೀಸ್ ಆ ತನಕ ಒಂದನ್ನೂ ಗೆದ್ದಿರಲಿಲ್ಲ. 2012ರಲ್ಲಿ ಎ ಅಂಡ್ ಎಂ ಹಳೆಯ ಲೀಗ್ ಬಿಟ್ಟು ಆಗ್ನೇಯ ಅಮೆರಿಕದ ಕಾಲೇಜುಗಳ ಲೀಗ್ ಆದ ಎಸ್‌ಇಸಿ ಸೇರಿತು, ಎರಡರ ಫುಟ್‌ಬಾಲ್ ಪಂದ್ಯ 2011ರಿಂದ 2024ರವರೆಗೆ ನಿಂತೇಹೋಯಿತು. ಬೇಸ್‌ಬಾಲ್ ಮಾತ್ರ ಆಗಾಗ ಇಬ್ಬರನ್ನೂ ಎದುರುಬದುರು ನಿಲ್ಲಿಸುತ್ತಿತ್ತು. 2024ರ ಜುಲೈ 1ಕ್ಕೆ ಟೆಕ್ಸಾಸ್ ಕೂಡ ಎಸ್‌ಇಸಿ ಸೇರುವುದೆಂದು ಮೊದಲೇ ಗೊತ್ತಾಗಿತ್ತು. ಅಂದರೆ ಕಿಡಿ ಬೀಳುವ ಮೊದಲೇ ಹುಲ್ಲು ಒಣಗಿತ್ತು.

ಆ ವರ್ಷದ ರಾಷ್ಟ್ರೀಯ ಟೂರ್ನಿಯ ಮೊದಲ ಸುತ್ತಿನಲ್ಲಿ ಎ ಅಂಡ್ ಎಂ ತನ್ನ ನೆಲದಲ್ಲೇ ಟೆಕ್ಸಾಸ್ ತಂಡವನ್ನು 11 ಇನ್ನಿಂಗ್ಸ್‌ಗಳಲ್ಲಿ 4-2ರಿಂದ ಸೋಲಿಸಿತು. ಅಲ್ಲಿಂದ, ಟೂರ್ನಿಯ ಕೊನೆಯ ಹಂತ ನಡೆಯುವ ಒಮಾಹಾಗೆ ಹೋಗಿ, ಮೊಟ್ಟಮೊದಲ ಬಾರಿಗೆ ಫೈನಲ್ ಮುಟ್ಟಿತು. ಮೂರು ಪಂದ್ಯಗಳ ಫೈನಲ್‌ನಲ್ಲಿ ಮೊದಲನೆಯದನ್ನು ಗೆದ್ದು, ಉಳಿದೆರಡನ್ನೂ ಟೆನೆಸಿಗೆ ಸೋತಿತು. ಜೂನ್ 24ರ ಕೊನೆಯ ಪಂದ್ಯ 6-5. ಅದೇ ದಿನ ಟೆಕ್ಸಾಸ್ ತನ್ನ ಕೋಚ್ ಡೇವಿಡ್ ಪಿಯರ್ಸ್ ಅವರನ್ನು ಕೆಲಸದಿಂದ ಬೀಳ್ಕೊಟ್ಟಿತ್ತು. ಪಂದ್ಯ ಮುಗಿದ ರಾತ್ರಿ, ಟೆಕ್ಸಾಸ್‌ಗೆ ಹೋಗುತ್ತೀರಾ ಎಂದು ಕೇಳಿದ ಪತ್ರಕರ್ತರ ಮೇಲೆ ಎ ಅಂಡ್ ಎಂ ಕೋಚ್ ಜಿಮ್ ಶ್ಲಾಸ್‌ನೇಗಲ್ ಸಿಡುಕಿದರು. ಮತ್ತೆ ಬೇರೆ ಕೆಲಸ ಹಿಡಿಯಬಾರದೆಂದೇ ಇಲ್ಲಿಗೆ ಬಂದಿದ್ದೆ ಎಂಬ ಅರ್ಥದ ಮಾತಾಡಿದರು. ಮಾರನೇ ದಿನ, ಜೂನ್ 25ಕ್ಕೆ, ಅವರು ಟೆಕ್ಸಾಸ್‌ನ ಹೆಡ್ ಕೋಚ್ ಎಂದು ಘೋಷಣೆಯಾಯಿತು.

ಒಂದೇ ದಿನದಲ್ಲಿ ಇಷ್ಟೆಲ್ಲ ಹೇಗಾಯಿತು ಎಂದು ಕೇಳುವವರು ಟೆಕ್ಸಾಸ್‌ನ ಅಥ್ಲೆಟಿಕ್ ಡೈರೆಕ್ಟರ್ ಕ್ರಿಸ್ ಡೆಲ್ ಕಾಂಟೆ ಅವರ ಹಿಂದಿನ ಕೆಲಸವನ್ನು ನೋಡಬೇಕು. 2009ರಿಂದ 2017ರವರೆಗೆ ಅವರು ಫೋರ್ಟ್ ವರ್ತ್‌ನ ಟಿಸಿಯು ವಿಶ್ವವಿದ್ಯಾಲಯದಲ್ಲಿ ಅದೇ ಹುದ್ದೆಯಲ್ಲಿದ್ದರು. ಆಗ ಅಲ್ಲಿನ ಬೇಸ್‌ಬಾಲ್ ಕೋಚ್ ಇದೇ ಶ್ಲಾಸ್‌ನೇಗಲ್. 2010, ಆಮೇಲೆ 2014ರಿಂದ 2017ರವರೆಗೆ ಪ್ರತಿ ವರ್ಷ ತಂಡವನ್ನು ಒಮಾಹಾಗೆ ಕರೆದೊಯ್ದವರು. ಕೋಚ್ ಆಯ್ಕೆಗಳಲ್ಲಿ ಇದು ಮತ್ತೆ ಮತ್ತೆ ಕಾಣುವ ಸಂಗತಿ. ಡೈರೆಕ್ಟರ್ ಮೊದಲು ನೆಚ್ಚುವುದು ತಾನು ಹತ್ತಿರದಿಂದ ಕಂಡ ಮನುಷ್ಯನನ್ನು. ಯಾರ ಹೆಸರು ಬರಬಹುದೆಂದು ಊಹಿಸುವವರು ಅಂಕಿಅಂಶಕ್ಕೆ ಮೊದಲು ಡೈರೆಕ್ಟರ್ ಹಿಂದೆ ಎಲ್ಲೆಲ್ಲಿ ಕೆಲಸ ಮಾಡಿದ್ದರು, ಅಲ್ಲಿ ಯಾರಿದ್ದರು ಎಂದು ನೋಡಲಿ.

ಈಗ ಕ್ರಮಕ್ಕೆ ಬರೋಣ. ಕೋಚ್ ಹೋಗುವ ಮೊದಲೇ ಡೈರೆಕ್ಟರ್ ಬಳಿ ನಾಲ್ಕೈದು ಹೆಸರುಗಳ ಪಟ್ಟಿ ಇರುತ್ತದೆ, ಇರಲೇಬೇಕು. ಖುರ್ಚಿ ಖಾಲಿಯಾದ ತಕ್ಷಣ ಅವರು ನೇರವಾಗಿ ಕೋಚ್‌ಗೆ ಫೋನ್ ಮಾಡುವುದು ಅಪರೂಪ. ಕೋಚ್‌ನ ಏಜೆಂಟ್‌ಗೆ ಮಾಡುತ್ತಾರೆ, ಅಥವಾ ನೇಮಕಾತಿ ಸಂಸ್ಥೆಯೊಂದನ್ನು ನಡುವೆ ಇಟ್ಟುಕೊಳ್ಳುತ್ತಾರೆ. ಇದರಲ್ಲಿ ಮುಚ್ಚುಮರೆಗಿಂತ ಲೆಕ್ಕಾಚಾರ ಹೆಚ್ಚು. ಬೇಡ ಎಂದ ಕೋಚ್‌ನ ಹೆಸರು ಹೊರಬಿದ್ದರೆ, ಆಮೇಲೆ ಬರುವವರು ಎರಡನೇ ಆಯ್ಕೆ ಎಂಬ ಹಣೆಪಟ್ಟಿ ಹೊತ್ತು ಬರಬೇಕಾಗುತ್ತದೆ. ನಂತರದ ಮಾತು ಬೈಔಟ್‌ನದು. ಒಪ್ಪಂದದ ಅವಧಿಗೆ ಮೊದಲೇ ಕೋಚ್ ಹೊರಟರೆ ಹಳೆಯ ಕಾಲೇಜಿಗೆ ಕಟ್ಟಬೇಕಾದ ಮೊತ್ತ ಇದು, ಸಾಮಾನ್ಯವಾಗಿ ಹೊಸ ಕಾಲೇಜೇ ತುಂಬುತ್ತದೆ. ಕಾಲೇಜೇ ಕೋಚ್‌ನನ್ನು ತೆಗೆದರೆ ಉಳಿದ ಅವಧಿಯ ಹಣವನ್ನು ಅದು ಕೊಡಬೇಕು. ಹಾಗಾಗಿ ಕೋಚ್ ಬದಲಾವಣೆಗೆ ಎರಡು ಬಿಲ್: ಹೋಗುವವರದೊಂದು, ಬರುವವರದೊಂದು. ದಾನಿಗಳ ಮಾತು ನಡೆಯುವುದು ಇಲ್ಲೇ. ಕೋಚ್ ಯಾರೆಂದು ಅವರು ಹೇಳದಿದ್ದರೂ, ಎಷ್ಟು ದುಡ್ಡಿದೆ ಎಂದು ಅವರೇ ಹೇಳುತ್ತಾರೆ.

ಹಣ ಒಪ್ಪಿಗೆಯಾದರೆ ಮುಖ್ಯ ಷರತ್ತುಗಳ ಒಂದು ಚಿಕ್ಕ ಕರಾರಿಗೆ ಸಹಿ ಬೀಳುತ್ತದೆ, ಪೂರ್ಣ ಒಪ್ಪಂದ ವಾರಗಳ ನಂತರ ತಯಾರಾಗುತ್ತದೆ. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ದೊಡ್ಡ ಒಪ್ಪಂದಗಳು ರೀಜೆಂಟ್‌ಗಳ ಮಂಡಳಿಯ ಮುಂದೆ ಹೋಗುತ್ತವೆ, ಮತ್ತು ಅವು ಸಾರ್ವಜನಿಕ ದಾಖಲೆ. ಸಂಬಳ, ಬೋನಸ್, ಬೈಔಟ್ ಎಲ್ಲವನ್ನೂ ಯಾರು ಬೇಕಾದರೂ ತರಿಸಿ ಓದಬಹುದು. ವದಂತಿ ಬೆನ್ನಟ್ಟುವುದಕ್ಕಿಂತ ಆ ಕಾಗದ ಓದುವುದರಿಂದ ಹೆಚ್ಚು ತಿಳಿಯುತ್ತದೆ: ಮುಂದಿನ ವರ್ಷ ಬೈಔಟ್ ಮೊತ್ತ ಏಕಾಏಕಿ ಇಳಿಯುವಂತಿದ್ದರೆ, ಆ ಬೇಸಿಗೆಯಲ್ಲಿ ಏನೋ ನಡೆಯಬಹುದು ಎಂದೇ ಅರ್ಥ.

ಈ ಎಲ್ಲದರ ತಲೆಯ ಮೇಲೆ ಗಡಿಯಾರ ಟಿಕ್ ಟಿಕ್ ಅನ್ನುತ್ತಿರುತ್ತದೆ. 2024ರಲ್ಲಿದ್ದ ನಿಯಮದಂತೆ, ಹೆಡ್ ಕೋಚ್ ಬದಲಾದರೆ ಆ ತಂಡದ ಆಟಗಾರರಿಗೆ ಟ್ರಾನ್ಸ್‌ಫರ್ ಪೋರ್ಟಲ್‌ಗೆ, ಅಂದರೆ ಬೇರೆ ಕಾಲೇಜಿಗೆ ಹೋಗಬಯಸುವವರ ಪಟ್ಟಿಗೆ, ಹೆಸರು ಕೊಡಲು 30 ದಿನಗಳ ಪ್ರತ್ಯೇಕ ಅವಕಾಶ ಸಿಗುತ್ತಿತ್ತು. ಓದಿನಲ್ಲಿ ಅರ್ಹತೆ ಇದ್ದರೆ ಸಾಕು, ಹೊಸ ಕಾಲೇಜಿನಲ್ಲಿ ಒಂದು ವರ್ಷವೂ ಕಾಯದೆ ಆಡಬಹುದು. ಜುಲೈ ನಡುವೆ ವೃತ್ತಿಪರ ತಂಡಗಳು ಸರದಿಯಂತೆ ಆಟಗಾರರನ್ನು ಆರಿಸುವ ಡ್ರಾಫ್ಟ್, 20 ಸುತ್ತು. ಮೂರು ವರ್ಷ ಮುಗಿಸಿದವರು ಅಥವಾ 21 ತುಂಬಿದವರು ಅಲ್ಲಿ ಆಯ್ಕೆಯಾಗಿ ಹೋಗಬಹುದು. ಮುಂದಿನ ವರ್ಷ ಸೇರಲಿರುವ ಹೈಸ್ಕೂಲ್ ಹುಡುಗರ ಮನೆಯವರು ಬೇರೆ ಫೋನ್ ಮಾಡುತ್ತಿರುತ್ತಾರೆ. ಒಂದು ವಾರ ತಡವಾದರೆ ತಂಡದ ಅರ್ಧ ಬೇರೆಡೆ ಮಾತು ಕೊಟ್ಟಿರಬಹುದು.

ಎ ಅಂಡ್ ಎಂಗೆ ಎದುರಾದದ್ದು ಇದೇ. ಸಹಾಯಕ ಕೋಚ್ ನೋಲನ್ ಕೇನ್, ಪಿಚಿಂಗ್ ಕೋಚ್ ಮ್ಯಾಕ್ಸ್ ವೀನರ್ ಇಬ್ಬರೂ ಆಸ್ಟಿನ್‌ಗೆ ನಡೆದರು. ಪಿಚಿಂಗ್ ಕೋಚ್ ಹೊರಟರೆ ಪಿಚರ್‌ಗಳ, ಅಂದರೆ ಚೆಂಡು ಎಸೆಯುವವರ, ಮನಸ್ಸೂ ಹೊರಡುತ್ತದೆ, ಏಕೆಂದರೆ ದಿನವೂ ಅವರ ಕೈ, ಭುಜ, ಎಸೆತದ ಲೆಕ್ಕ ಇಡುವವರು ಆ ಕೋಚ್. ಆ ವರ್ಷದ ಮಾರ್ಚ್‌ನಲ್ಲಷ್ಟೇ ಡೈರೆಕ್ಟರ್ ಆಗಿ ಬಂದಿದ್ದ ಟ್ರೆವ್ ಆಲ್ಬರ್ಟ್ಸ್ ಒಂದು ವಾರದೊಳಗೆ ತೀರ್ಮಾನಿಸಿದರು: ತಂಡದ ಬ್ಯಾಟಿಂಗ್ ಕೋಚ್ ಮೈಕಲ್ ಅರ್ಲಿ. ಹಿಂದೆ ಕಾಲೇಜು ತಂಡವೊಂದರ ಹೆಡ್ ಕೋಚ್ ಆಗಿದ್ದವರಲ್ಲ, ಆದರೆ ಹುಡುಗರು ನಂಬಿದವರು. ಆ ಲೆಕ್ಕದ ಮಟ್ಟಿಗೆ ಆಯ್ಕೆ ಫಲಿಸಿತು. ತಂಡದ ದೊಡ್ಡ ಬ್ಯಾಟರ್ ಜೇಸ್ ಲವಿಯೊಲೆಟ್ ಉಳಿದರು. ಎಡಗೈ ಪಿಚರ್ ರಯಾನ್ ಪ್ರೇಗರ್ ಮೂರನೇ ಸುತ್ತಿನಲ್ಲಿ ಡ್ರಾಫ್ಟ್ ಆಗಿಯೂ ಸಹಿ ಹಾಕದೆ ಮರಳಿದರು. 2025ರ ಹಂಗಾಮಿಗೆ ಮುನ್ನ ತಂಡ ದೇಶದಲ್ಲೇ ನಂಬರ್ 1 ಎನಿಸಿಕೊಂಡಿತು.

ಹೀಗೆ ಬೇಗ ಮುಗಿಸುವುದೊಂದೇ ದಾರಿಯಲ್ಲ. 2021ರಲ್ಲಿ ಲೂಸಿಯಾನಾದ ಎಲ್‌ಎಸ್‌ಯು ವಿಶ್ವವಿದ್ಯಾಲಯದ ಕೋಚ್ ಪಾಲ್ ಮೈನಿಯೆರಿ ನಿವೃತ್ತಿ ಘೋಷಿಸಿದ್ದು ಮೇ ಕೊನೆಯಲ್ಲಿ, ಹೊಸ ಕೋಚ್ ಜೇ ಜಾನ್ಸನ್ ಹೆಸರು ಬಂದದ್ದು ಜೂನ್ ಕೊನೆಯ ವಾರದಲ್ಲಿ. ಜಾನ್ಸನ್ ಅವರ ಅರಿಜೋನಾ ಆಗ ಒಮಾಹಾದಲ್ಲಿ ಆಡುತ್ತಿತ್ತು. ಗೆಲ್ಲುತ್ತಿರುವ ಕೋಚ್ ಬೇಕೆಂದರೆ ಅವರು ಸೋಲುವ ತನಕ ಕಾಯಲೇಬೇಕು. ಆ ಸುಮಾರು ನಾಲ್ಕು ವಾರ ಅಭಿಮಾನಿಗಳು ಡೈರೆಕ್ಟರ್ ನಿದ್ದೆ ಹೋಗಿದ್ದಾರೆ ಎಂದೇ ಭಾವಿಸುವುದು ಸಹಜ. ಜಾನ್ಸನ್ 2023ರಲ್ಲಿ, ಮತ್ತೆ 2025ರಲ್ಲಿ ಪ್ರಶಸ್ತಿ ತಂದರು. ಮಿಸಿಸಿಪಿ ಸ್ಟೇಟ್ ಇನ್ನೊಂದು ದಾರಿ ಹಿಡಿಯಿತು. 2021ರಲ್ಲಿ ಆ ಕಾಲೇಜಿಗೆ ಮೊದಲ ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟ ಕ್ರಿಸ್ ಲೆಮೋನಿಸ್ ಅವರನ್ನೇ 2025ರ ಏಪ್ರಿಲ್‌ನಲ್ಲಿ, ಹಂಗಾಮಿನ ನಡುವೆ, ತೆಗೆದು ಹುಡುಕಾಟಕ್ಕೆ ತಿಂಗಳು ಹೆಚ್ಚು ಪಡೆಯಿತು. ಜೂನ್ 1ಕ್ಕೆ ವರ್ಜೀನಿಯಾದಿಂದ ಬ್ರಯನ್ ಓಕಾನರ್ ಬಂದರು. ಒಂದು ಗೆಲುವಿನ ಋಣ ನಾಲ್ಕು ವರ್ಷಕ್ಕಿಂತ ಹೆಚ್ಚು ಬಾಳುವುದಿಲ್ಲ ಎನ್ನುವುದು ಕಹಿ, ಆದರೆ ಎಸ್‌ಇಸಿಯಲ್ಲಿ ಅದೇ ಅಳತೆ.

ಇನ್ನು ಅಭಿಮಾನಿಗಳ ವಿಷಯ. ಇವರ ಗದ್ದಲವನ್ನು ಬರೀ ಗದ್ದಲ ಎಂದು ತಳ್ಳಿಹಾಕುವುದು ತಪ್ಪು. ಕಾಲೇಜ್ ಸ್ಟೇಷನ್‌ನ ಆಲ್ಸನ್ ಫೀಲ್ಡ್‌ನಲ್ಲಿ ಎದುರಾಳಿ ಪಿಚರ್ ನಾಲ್ಕು ಬಾಲ್ ಎಸೆದು ಬ್ಯಾಟರ್‌ಗೆ ಪುಕ್ಕಟೆಯಾಗಿ ಮೊದಲ ಬೇಸ್ ಬಿಟ್ಟುಕೊಟ್ಟರೆ (ಇದಕ್ಕೆ ವಾಕ್ ಎನ್ನುತ್ತಾರೆ) ಎಣಿಕೆ ನಿಲ್ಲುವುದಿಲ್ಲ. ಬಾಲ್ ಎಂದರೆ ಸ್ಟ್ರೈಕ್ ವಲಯದ ಹೊರಗೆ ಹೋದ, ಬ್ಯಾಟರ್ ಬೀಸದೆ ಬಿಟ್ಟ ಎಸೆತ; ವಲಯದೊಳಗೆ ಬಂದರೆ ಅದು ಸ್ಟ್ರೈಕ್. ಮುಂದಿನ ಬ್ಯಾಟರ್‌ಗೆ ಎಸೆದದ್ದೂ ಹೊರಗೆ ಹೋದರೆ ಇಡೀ ಮೈದಾನ ‘ಬಾಲ್ ಫೈವ್’ ಎನ್ನುತ್ತದೆ, ಆಮೇಲೆ ‘ಬಾಲ್ ಸಿಕ್ಸ್’, ಸ್ಟ್ರೈಕ್ ಬೀಳುವ ತನಕ. ಬೈಗುಳವಿಲ್ಲ, ಹೆಸರಿಲ್ಲ, ಬರೀ ಲೆಕ್ಕ. ಹತ್ತೊಂಬತ್ತರ ಹುಡುಗನ ತೋಳು ಬಿಗಿಯಲು ಅಷ್ಟು ಸಾಕು. ಬಿಗಿದ ಪಿಚರ್ ಹೇಗಾದರೂ ಸ್ಟ್ರೈಕ್ ಹಾಕಲೆಂದು ನಡುವಿಗೇ ನೇರ ಎಸೆಯುತ್ತಾನೆ, ಬ್ಯಾಟರ್ ಹೊಡೆದು ಅದು ಬೇಲಿ ದಾಟುತ್ತದೆ, ಅಂದರೆ ಹೋಮ್ ರನ್. ತಂಡ ರನ್ ಗಳಿಸಿದಾಗ ಅಲ್ಲಿ ಸೋಪಿನ ಗುಳ್ಳೆಗಳು ಹಾರುತ್ತವೆ. ಓಲ್ ಮಿಸ್ ಎಂದು ಕರೆಯುವ ಮಿಸಿಸಿಪಿ ವಿಶ್ವವಿದ್ಯಾಲಯದಲ್ಲಿ ಹೋಮ್ ರನ್ ಆದಾಗ ರೈಟ್ ಫೀಲ್ಡ್‌ನ ವಿದ್ಯಾರ್ಥಿಗಳು ಬಿಯರ್ ಲೋಟಗಳನ್ನು ಆಕಾಶಕ್ಕೆ ಚಿಮ್ಮಿಸುತ್ತಾರೆ. ಮಿಸಿಸಿಪಿ ಸ್ಟೇಟ್‌ನ ಲೆಫ್ಟ್ ಫೀಲ್ಡ್ ಲೌಂಜ್‌ನಲ್ಲಿ ಒಲೆ ಹಚ್ಚಿ ಮಾಂಸ ಸುಡುತ್ತ ಪಂದ್ಯ ನೋಡುತ್ತಾರೆ. 2023ರ ಏಪ್ರಿಲ್‌ನಲ್ಲಿ ಓಲ್ ಮಿಸ್ ವಿರುದ್ಧ ಅಲ್ಲಿ ಸೇರಿದ್ದು 16,423 ಮಂದಿ, ಕ್ಯಾಂಪಸ್ ಮೈದಾನವೊಂದರ ದಾಖಲೆ.

ಈ ಜನಸಂದಣಿಯೇ ಆಯ್ಕೆಯಲ್ಲಿ ಅಭಿಮಾನಿಗಳ ನಿಜವಾದ ಕೈ. ತುಂಬಿದ ಗ್ಯಾಲರಿ ನೋಡಿ ಕೋಚ್ ಬರುತ್ತಾರೆ, ಹುಡುಗರು ಉಳಿಯುತ್ತಾರೆ. ಇದರ ಉಲ್ಟಾ ಕೂಡ ನಿಜ, ಮತ್ತು ಅದನ್ನು ಮರೆಯುವವರೇ ಹೆಚ್ಚು. ಕೋಚ್ ಹೋದ ವಾರ ಜಾಲತಾಣದಲ್ಲಿ ಆಟಗಾರನಿಗೆ ‘ನೀನೂ ಹೋಗುತ್ತೀಯಾ, ದ್ರೋಹಿ’ ಎಂದು ಬರೆಯುವವರು ಅವನನ್ನು ಬಾಗಿಲ ಕಡೆಗೆ ತಳ್ಳುತ್ತಿರುತ್ತಾರೆ. ಖಾಸಗಿ ವಿಮಾನಗಳ ಜಾಡು ಹಿಡಿದು ಯಾವ ಊರಿನಿಂದ ಯಾವ ಕೋಚ್ ಹೊರಟರು ಎಂದು ಊಹಿಸುವ ಆಟ ನಿರಪಾಯ ಅನಿಸುತ್ತದೆ. ಆದರೆ ಅದರಿಂದ ಹೆಸರು ಹಬ್ಬಿದ ಕೋಚ್ ತನ್ನ ಊರಿನ ಆಟಗಾರರ ಮುಂದೆ ಸುಮ್ಮಸುಮ್ಮನೆ ಉತ್ತರ ಹೇಳಬೇಕಾಗುತ್ತದೆ. ಮೈದಾನದಲ್ಲಿ ಆಟಗಾರನ ಅಂಗಿ ನಂಬರ್ ಕೂಗಿ ಕೀಟಲೆ ಮಾಡುವುದು ನಡೆಯುತ್ತದೆ. ಮನೆಯವರು, ಬಣ್ಣ, ಓದು, ಗಾಯ ಇವುಗಳ ಹತ್ತಿರ ಹೋಗಬಾರದು; ಹೋದವರನ್ನು ಹೊರಗೆ ಕಳಿಸಲು ಸಿಬ್ಬಂದಿ ಇರುತ್ತಾರೆ.

ಬೆಟ್ಟಿಂಗ್ ಬಂದ ಮೇಲೆ ಅಪಾಯ ಇನ್ನೊಂದು ಬಗೆಯದು. 2023ರಲ್ಲಿ ಅಲಬಾಮಾದ ಕೋಚ್ ಬ್ರ್ಯಾಡ್ ಬೊಹ್ಯಾನನ್, ಎಲ್‌ಎಸ್‌ಯು ವಿರುದ್ಧದ ಪಂದ್ಯಕ್ಕೆ ತನ್ನ ಪಿಚರ್ ಇಳಿಯುವುದಿಲ್ಲ ಎಂಬ ಒಳಮಾಹಿತಿಯನ್ನು ಬಾಜಿ ಕಟ್ಟುವವನಿಗೆ ಕೊಟ್ಟ ಪ್ರಕರಣದಲ್ಲಿ ಮೇ ತಿಂಗಳಲ್ಲಿ ಕೆಲಸ ಕಳೆದುಕೊಂಡರು. ಹಂಗಾಮಿ ಕೋಚ್ ಜೇಸನ್ ಜಾಕ್ಸನ್ ಆ ಏಟಿನಲ್ಲೂ ತಂಡವನ್ನು ರಾಷ್ಟ್ರೀಯ ಟೂರ್ನಿಯ ಎರಡನೇ ಸುತ್ತಾದ ಸೂಪರ್ ರೀಜನಲ್ ತನಕ ಒಯ್ದರು. ಆದರೂ ಕಾಲೇಜು ಆರಿಸಿದ್ದು ಮೇರಿಲ್ಯಾಂಡ್‌ನ ರಾಬ್ ವಾನ್ ಅವರನ್ನು. ಹಂಗಾಮಿ ಕೋಚ್‌ನ ಕೆಲವು ವಾರಗಳ ಗೆಲುವು ಹೃದಯ ಗೆಲ್ಲುತ್ತದೆ, ಆದರೆ ಅದರಲ್ಲಿ ಹಳೆಯ ಕೋಚ್ ಕಟ್ಟಿದ ತಂಡದ ಪಾಲೆಷ್ಟು, ಇವರ ಪಾಲೆಷ್ಟು ಎಂದು ಬಿಡಿಸುವುದು ಕಷ್ಟ.

ಹೊಸ ಕೋಚ್ ಹೆಸರು ಬಂದಾಗ ಒಮಾಹಾ ಎಷ್ಟು ಸಲ ಎಂಬುದಕ್ಕೇ ಅಂಟಿಕೊಳ್ಳಬೇಡಿ. ಎಸ್‌ಇಸಿಯಲ್ಲಿ ಒಂದು ತಂಡ 10 ವಾರಾಂತ್ಯಗಳಲ್ಲಿ 30 ಲೀಗ್ ಪಂದ್ಯ ಆಡುತ್ತದೆ. ಶುಕ್ರವಾರ ಅತ್ಯುತ್ತಮ ಪಿಚರ್, ಶನಿವಾರ ಎರಡನೆಯವ, ಭಾನುವಾರ ಮೂರನೆಯವ. ಕೋಚ್‌ನ ಹಳೆಯ ತಂಡ ಭಾನುವಾರಗಳಲ್ಲಿ ಎಷ್ಟು ಗೆದ್ದಿತ್ತು ನೋಡಿ. ಪಿಚರ್‌ಗಳ ಆಳ ತಿಳಿಯುವುದು ಅಲ್ಲಿ. ಪರಊರಿನ ಸರಣಿಗಳಲ್ಲಿ ಹೇಗಿತ್ತು ನೋಡಿ. ಮೊದಲ ವರ್ಷ ಹೆಚ್ಚು ವಾಕ್ ಕೊಡುತ್ತಿದ್ದ ಪಿಚರ್ ಮೂರನೇ ವರ್ಷಕ್ಕೆ ಸುಧಾರಿಸಿದ್ದಾನೆಯೇ ಎಂದು ಒಬ್ಬೊಬ್ಬರ ಲೆಕ್ಕ ತೆಗೆಯಿರಿ. ಜತೆಗೆ ಯಾರ್‍ಯಾರು ಸಹಾಯಕರಾಗಿ ಬರುತ್ತಾರೆ, ಅದರಲ್ಲೂ ಪಿಚಿಂಗ್ ಯಾರ ಕೈಗೆ, ಎಂದು ಕೇಳಿ. ಮೊದಲ ವರ್ಷದ ಫಲಿತಾಂಶಕ್ಕಿಂತ ಇವು ಹೆಚ್ಚು ಹೇಳುತ್ತವೆ ಎಂಬುದಕ್ಕೆ ಮತ್ತೆ ಆ ಎರಡು ಕಾಲೇಜುಗಳೇ ಸಾಕ್ಷಿ. 2025ರ ಏಪ್ರಿಲ್‌ನಲ್ಲಿ ಆಸ್ಟಿನ್‌ನಲ್ಲಿ ಟೆಕ್ಸಾಸ್ ಮೂರಕ್ಕೆ ಮೂರೂ ಪಂದ್ಯ ಗೆದ್ದಿತು, ಎಸ್‌ಇಸಿಗೆ ಕಾಲಿಟ್ಟ ವರ್ಷವೇ ಲೀಗ್ ಪಟ್ಟ ಹಿಡಿಯಿತು. ನಂಬರ್ 1 ಎನಿಸಿಕೊಂಡು ಶುರುಮಾಡಿದ ಎ ಅಂಡ್ ಎಂ, ಬ್ಯಾಟರ್ ಗೇವಿನ್ ಗ್ರಹೋವಾಕ್ ಅಂಥವರನ್ನು ಆರಂಭದಲ್ಲೇ ಗಾಯಕ್ಕೆ ಕಳೆದುಕೊಂಡು, 30 ಗೆದ್ದು 26 ಸೋತು, ರಾಷ್ಟ್ರೀಯ ಟೂರ್ನಿಗೇ ಹೋಗಲಿಲ್ಲ. ಶ್ಲಾಸ್‌ನೇಗಲ್ ಆಯ್ಕೆ ಸರಿ, ಅರ್ಲಿ ಆಯ್ಕೆ ತಪ್ಪು ಎಂದು ಎಲ್ಲರೂ ಬರೆದುಕೊಳ್ಳುವ ಹೊತ್ತಿಗೆ ದೇಶದಲ್ಲಿ ಎರಡನೇ ಶ್ರೇಯಾಂಕದ ಟೆಕ್ಸಾಸ್, ಟೂರ್ನಿಯ ಮೊದಲ ಸುತ್ತಿನಲ್ಲಿ, ತನ್ನದೇ ಮೈದಾನದಲ್ಲಿ, ಸ್ಯಾನ್ ಆಂಟೋನಿಯೋದ ಯುಟಿಎಸ್‌ಎಗೆ ಎರಡು ಸಲ ಸೋತು ಹೊರಬಿತ್ತು.